ಖುರ್ಚಿಗೆ ಗುರುತಿಲ್ಲದ ಸಾಹೇಬರು

ಹೊಸ ಸಾಹೇಬರು ಬಸ್ಸಿನಿಂದ ಇಳಿದಾಗ ಎರಡೂ ಕೈಯಿಂದ ಪ್ಯಾಂಟು ಹಿಡಿದುಕೊಂಡಿದ್ದರು. ಇವರೇ ನಮ್ಮವರು ಎಂದು ನನಗೆ ಅಷ್ಟರಿಂದಲೇ ಗೊತ್ತಾಯಿತು. ಊರಿನ ಗಡಿಕಲ್ಲು ದಾಟುತ್ತಲೇ ಗುಂಡಿಗಳು ಬಿಚ್ಚಿಕೊಂಡಿರಬೇಕು. ಬೂಟುಗಳು ಅವರ ಜೊತೆ ಎರಡು ಹೆಜ್ಜೆ ಬಂದವು, ಆಮೇಲೆ ಕಾಲು ಬಿಟ್ಟು ಪಕ್ಕಕ್ಕೆ ಸರಿದು ನಿಂತವು. ನಾನು ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಮಸ್ಕಾರ ಮಾಡಿದೆ. ಅವರು ತಿರುಗಿ ನಮಸ್ಕಾರ ಮಾಡಲು ಕೈ ಎತ್ತಲಿದ್ದವರು ಸಮಯಕ್ಕೆ ಸರಿಯಾಗಿ ನೆನಪಾಗಿ ಬರೀ ತಲೆ ಅಲ್ಲಾಡಿಸಿದರು.

ನಮ್ಮ ಊರಿನಲ್ಲಿ ಯಾವುದೇ ಸಾಮಾನು ಆಗುವುದನ್ನು ಕಣ್ಣಾರೆ ನೋಡದವನಿಗೆ ಆ ಸಾಮಾನು ಒಲಿಯುವುದಿಲ್ಲ. ಲೋಟ ಆಗುವುದನ್ನು ನೋಡದವನು ಲೋಟ ಎತ್ತಿದರೆ ಚಹಾ ಬಾಯಿಗೆ ಬರದೆ ಕೊರಳಿಗೆ ಬರುತ್ತದೆ. ಕೊಡೆ ಆಗುವುದನ್ನು ನೋಡದವನ ಕೊಡೆ ಮಳೆ ನಿಂತ ಮೇಲೆ ಬಿಚ್ಚಿಕೊಳ್ಳುತ್ತದೆ. ಒಂದು ಲೋಟ ನೋಡಿದರೆ ಲೋಟದ ಕುಲವೆಲ್ಲ ಗುರುತು ಹಿಡಿಯುತ್ತದೆ, ಯಾವ ಊರಿನದಾದರೂ ಸರಿ. ಆದರೆ ಪೂರ್ತಿ ನೋಡಬೇಕು, ಮೊದಲಿನಿಂದ ಕೊನೆಯ ತನಕ. ಅದಕ್ಕೇ ನಾವು ಮಕ್ಕಳನ್ನು ಶಾಲೆಗೆ ಹಾಕುವ ಮೊದಲು ಮೂರು ವರ್ಷ ಕಾರ್ಖಾನೆಯಿಂದ ಕಾರ್ಖಾನೆಗೆ ಹೊತ್ತು ತಿರುಗುತ್ತೇವೆ. ಕೂಸು ಹುಟ್ಟಿದ ಮನೆಗೆ ಬಡಿಗ ಬಂದು ಕೂಸಿನ ಎದುರೇ ತೊಟ್ಟಿಲು ಮಾಡುತ್ತಾನೆ. ಕೂಸು ನಡುವೆ ನಿದ್ದೆ ಹೋದರೆ ಉಳಿ ಕೆಳಗಿಟ್ಟು, ಎಚ್ಚರವಾಗುವ ತನಕ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂರುತ್ತಾನೆ. ಗಿಡದಲ್ಲಿ ಬೆಳೆದದ್ದಕ್ಕೆ ಈ ತಕರಾರಿಲ್ಲ. ಹೊರಗಿನಿಂದ ಬಂದವರು ಮೊದಲ ದಿನ ಬಾಳೆಹಣ್ಣು ತಿಂದು ಬೊಗಸೆಯಲ್ಲಿ ನೀರು ಕುಡಿಯುತ್ತಾರೆ.

ನಾನು ಅಳತೆ-ತೂಕದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ದಿನಗೂಲಿ ಜವಾನ. ನನ್ನನ್ನು ಕಾಯಂ ಮಾಡಿ ರಾಜಧಾನಿಯಿಂದ ಹಿಂದೆ ಎರಡು ಸಲ ಆರ್ಡರು ಬಂದಿತ್ತು. ಎರಡು ಸಲವೂ ಲಕೋಟೆ ಒಡೆದ ಕೂಡಲೇ ಅಕ್ಷರಗಳೆಲ್ಲ, ಗುರುತಿಲ್ಲದವರ ಮನೆಗೆ ಬಂದ ಮಕ್ಕಳಂತೆ, ಕಾಗದದ ಒಂದು ಮೂಲೆಗೆ ಸರಿದು ಗುಂಪಾಗಿ ನಿಂತುಬಿಟ್ಟವು. ಯಾರು ಕರೆದರೂ ಸಾಲಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಆರ್ಡರು ಆಗುವುದನ್ನು ನಮ್ಮ ಊರಿನಲ್ಲಿ ಯಾರೂ ನೋಡಿಲ್ಲ. ಇಲ್ಲೇ ನಮ್ಮ ಎದುರೇ ಒಂದು ಆರ್ಡರು ಮಾಡಿಸೋಣವೆಂದರೆ, ಬಂದ ಸಾಹೇಬರು ನಿಲ್ಲುತ್ತಿರಲಿಲ್ಲ. ಏಳು ಜನ ಬಂದರು. ಆರು ಜನ ಮರುದಿನದ ಬಸ್ಸಿಗೆ ಬಾಳೆಹಣ್ಣು ಕಟ್ಟಿಸಿಕೊಂಡು ವಾಪಸು ಹೋದರು. ಏಳನೆಯವರನ್ನು ಖುರ್ಚಿ ಕಿಟಕಿಯಿಂದ ಹೊರಗೇ ಹಾಕಿತು.

ಈ ಸಲ ನನಗೆ ಇದ್ದದ್ದು ಮುಂದಿನ ವಾರದ ಶುಕ್ರವಾರ ಸಂಜೆ ಐದು ಗಂಟೆಯ ತನಕ ಮಾತ್ರ. ಶನಿವಾರಕ್ಕೆ ನನಗೆ ನಲವತ್ತೈದು ತುಂಬುತ್ತಿತ್ತು. ನಲವತ್ತೈದು ತುಂಬಿದ ದಿನಗೂಲಿಯವನು ಕಾಯಂ ಆಗಿರದಿದ್ದರೆ ಮನೆಗೆ ಹೋಗಬೇಕು. ಹಾಗೆಂದು ನಿಯಮ.

"ಖುರ್ಚಿಮ್ಯಾಲ ಕುಂಡ್ರಬ್ಯಾಡ್ರಿ ಸಾಹೇಬ್ರ!" ಎಂದು ಹೆಡ್ ಕ್ಲರ್ಕ್ ಬಸಲಿಂಗಪ್ಪ ಕಚೇರಿಯ ಬಾಗಿಲಲ್ಲೇ ಕೂಗಿದರು.

"ಯಾಕ್ರೀ?" ಅಂದರು ಸಾಹೇಬರು. ಅವರ ಹೆಸರು ಪದ್ಮನಾಭಯ್ಯ. ದಕ್ಷಿಣದ ಕಡೆಯವರು, ಐವತ್ತೈದರ ಆಸುಪಾಸು, ತಲೆಯಲ್ಲಿ ಒಂದು ಕೂದಲಿಲ್ಲ. ಮುಖ ಮಾತ್ರ ಬೀಗ ಹಾಕಿದ ಕಪಾಟಿನ ಹಾಗಿತ್ತು.

"ಖುರ್ಚಿಗೆ ನಿಮ್ಮ ಗುರ್ತು ಇಲ್ರಿ."

"ನಾನು ಇಲ್ಲಿನ ಅಧಿಕಾರಿ ಕಣ್ರೀ!"

"ಅದು ನಮಗ ಗೊತ್ತೈತ್ರಿ. ಖುರ್ಚಿಗೆ ಗೊತ್ತಿಲ್ಲ."

ಸಾಹೇಬರು ಖುರ್ಚಿಯನ್ನು ದುರುಗುಟ್ಟಿ ನೋಡಿದರು. ಖುರ್ಚಿ ಅರ್ಧ ಅಡಿ ಹಿಂದೆ ಸರಿಯಿತು. ಬಸಲಿಂಗಪ್ಪ ಊರಿನ ಪದ್ಧತಿಯನ್ನು ಬಿಡಿಸಿ ಹೇಳಿದರು. ಆಗ ಸಾಹೇಬರು ನನ್ನ ಕಡೆ ತಿರುಗಿ, ಪ್ಯಾಂಟು ಬಿಡದೆ, "ಏನಪ್ಪಾ ನಿನ್ನ ಹೆಸರು? ಫಕೀರಪ್ಪನಾ? ಮೊದಲು ಎಲ್ಲಿಗೆ ಹೋಗಬೇಕು ಹೇಳು" ಅಂದರು.

"ಮೊದಲ ಗುಂಡಿ ಕಾರ್ಖಾನಿಗೆ ಹೋಗೂಣ್ರಿ. ಆಮ್ಯಾಲ ನಿಮ್ಮ ಕೈ ಖಾಲಿ ಆಗ್ತಾವು."

ಗುಂಡಿ ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ತಗಡಿನ ಮನೆ. ತೆಂಗಿನ ಚಿಪ್ಪನ್ನು ಕೊರೆದು ದುಂಡನೆಯ ಬಿಲ್ಲೆ ತೆಗೆಯುತ್ತಾರೆ. ಬಿಲ್ಲೆಗೆ ನಾಲ್ಕು ತೂತು ಹಾಕುತ್ತಾರೆ. ಆಮೇಲೆ ಕಟ್ಟಿಗೆ ಹೊಟ್ಟಿನ ಜೊತೆ ಡ್ರಮ್ಮಿಗೆ ಹಾಕಿ ತಿರುಗಿಸಿದರೆ, ಮಂಕಾಗಿ ಒಳಗೆ ಹೋದ ಚಿಪ್ಪು ಕನ್ನಡಿ ಹಾಗೆ ಹೊಳೆಯುತ್ತಾ ಹೊರಗೆ ಬರುತ್ತದೆ. ಸಾಹೇಬರು ಮೊದಲು ಗೋಡೆಗೆ ಒರಗಿ, ಬೇರೆ ದಾರಿಯಿಲ್ಲದೆ ನೋಡುವವರಂತೆ ನೋಡಿದರು. ನಾಲ್ಕು ಸೂಜಿ ಒಟ್ಟಿಗೆ ಇಳಿದು ನಾಲ್ಕು ತೂತು ಒಟ್ಟಿಗೆ ಬಿದ್ದಾಗ ಕತ್ತು ಮುಂದೆ ಮಾಡಿದರು. ಡ್ರಮ್ಮಿನ ಬಾಯಿ ತೆಗೆದಾಗ ಅವರ ಬಾಯಿಯೂ ತೆರೆಯಿತು. ಅದೇ ಗಳಿಗೆಗೆ ಅವರ ಪ್ಯಾಂಟಿನ ಗುಂಡಿ ತಾನಾಗಿ ಕಾಜದೊಳಗೆ ಹೋಗಿ ಕೂತುಕೊಂಡಿತು. ಅದು ಅವರ ಗಮನಕ್ಕೇ ಬರಲಿಲ್ಲ.

"ಇನ್ನೊಂದ್ಸಲ ಹಾಕಿ" ಅಂದರು ಕೆಲಸದವನಿಗೆ. "ಆ ತೂತು ಹಾಕೋದು, ಇನ್ನೊಂದೇ ಸಲ."

ಹನ್ನೊಂದು ಸಲ ಹಾಕಿಸಿದರು.

ಮಂಗಳವಾರ ಬೆಳಿಗ್ಗೆ ಬೂಟು ಹೊಲಿಯುವುದನ್ನು ನೋಡಿದ್ದಕ್ಕೆ ಬೂಟುಗಳು ಕಾಲಿಗೆ ಬಂದವು. ಆಮೇಲೆ ಖುರ್ಚಿ. ನನ್ನ ಲೆಕ್ಕ ಸರಳವಾಗಿತ್ತು. ಖುರ್ಚಿ, ಕಾಗದ, ಪೆನ್ನು, ಶಾಯಿ, ಮುದ್ರೆ ಒತ್ತುವ ಶಿಕ್ಕಾ, ಇಷ್ಟು ನೋಡಿದರೆ ಸಹಿ ಹಾಕಬಹುದು. ಆರಾಮಾಗಿ ನಡೆದರೂ ಮೊದಲ ವಾರದಲ್ಲೇ ಮುಗಿಯುತ್ತದೆ. ಬಡಿಗರ ಓಣಿಯಲ್ಲಿ ಖುರ್ಚಿಯ ಮೂರು ಕಾಲು ಕೂರಿಸುವ ತನಕ ಸಾಹೇಬರು ಕಣ್ಣು ಕದಲಿಸಲಿಲ್ಲ. ನಾಲ್ಕನೇ ಕಾಲು ಕೂರಿಸುವಾಗ, ಪಕ್ಕದ ಕೀಸುಳಿಯಿಂದ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬರುವುದನ್ನು ಕಂಡು ಅತ್ತ ತಿರುಗಿಬಿಟ್ಟರು. ಮೂರು ಕಾಲಿನ ಗುರುತಾಯಿತು, ನಾಲ್ಕನೆಯದರ ಗುರುತಾಗಲಿಲ್ಲ. ಇವತ್ತಿಗೂ ಅವರು ಖುರ್ಚಿಯಲ್ಲಿ ಎಡಕ್ಕೆ ವಾಲಿಯೇ ಕೂರುತ್ತಾರೆ. ಬಲಕ್ಕೆ ವಾಲಿದರೆ ನಾಲ್ಕನೇ ಕಾಲು ಮೈ ಜಾರಿಸಿಕೊಳ್ಳುತ್ತದೆ.

"ಮತ್ತೊಮ್ಮೆ ನೋಡೂಣೇನ್ರಿ?" ಅಂದೆ.

"ಬೇಡಪ್ಪಾ, ವಾಲಿಕೊಂಡೇ ಕೂತ್ಕೋತೀನಿ. ಅದೇನದು ಅಲ್ಲಿ ವಾಸನೆ?"

ಅದು ಬಿಸ್ಕೀಟು ಕಾರ್ಖಾನೆಯ ವಾಸನೆ. ನನ್ನ ಹೆಂಡತಿ ಕಾಶವ್ವ ಅಲ್ಲೇ ಒಡೆದ ಬಿಸ್ಕೀಟು ಆರಿಸುವ ಕೆಲಸದಲ್ಲಿದ್ದಾಳೆ. ಒಂದು ಗಳಿಗೆ ನೋಡಿ ಬರೋಣ ಎಂದು ಹೋದವರು ಬುಧವಾರ ಅಲ್ಲಿ, ಗುರುವಾರ ಅಲ್ಲಿ, ಶುಕ್ರವಾರವೂ ಅಲ್ಲಿ. ಕಣಕ ಹಾಳೆಯಾಗಿ ಹರಿದು ಬರುತ್ತದೆ. ಅಚ್ಚು ಬಿದ್ದು ಬಿಸ್ಕೀಟುಗಳು ಮುಂದೆ ಹೋಗುತ್ತವೆ. ನಡುವೆ ಉಳಿದ ತುಣುಕು ಮೇಲೆದ್ದು ಬೇರೆ ದಾರಿಯಿಂದ ವಾಪಸು ಕಣಕಕ್ಕೇ ಸೇರುತ್ತದೆ. ಅದನ್ನು ಕಂಡು ಸಾಹೇಬರಿಗೆ ತಡೆಯಲಾಗಲಿಲ್ಲ. "ನೋಡು, ನೋಡು ಫಕೀರಪ್ಪ! ಏನೂ ದಂಡ ಆಗಲ್ಲ. ಒಂದ್ಸಲ ಬಿಸ್ಕೀಟು ಆಗಲಿಲ್ಲ ಅಂತ ಬೇಜಾರೇ ಇಲ್ಲ ಅದಕ್ಕೆ. ಮತ್ತೆ ಸಾಲಿಗೆ ನಿಲ್ಲತ್ತೆ!" ಎಂದು ನನ್ನ ತೋಳು ಹಿಡಿದು ಅಲುಗಿಸಿದರು. ಕಪಾಟಿನ ಬೀಗ ಎಲ್ಲೋ ಬಿದ್ದುಹೋಗಿತ್ತು.

ಶನಿವಾರ ಸೇಫ್ಟಿಪಿನ್ನಿನ ಕಾರ್ಖಾನೆ. ತಂತಿ ನೆಟ್ಟಗಾಗಿ, ತುಂಡಾಗಿ, ಚೂಪಾಗಿ, ನಡು ಬಳಸಿ ಒಂದು ಸುತ್ತು ಸುತ್ತಿಕೊಂಡು, ತಲೆಗೆ ಟೋಪಿ ಹಾಕಿಸಿಕೊಂಡು ತಟ್ಟೆಗೆ ಬೀಳುವುದನ್ನು ಅವರು ಬೆಳಿಗ್ಗೆಯಿಂದ ಸಂಜೆಯ ತನಕ ನೋಡಿದರು. ಭಾನುವಾರ ಕಾರ್ಖಾನೆಗೆ ರಜೆ. ಆದರೂ ಹೋಗಿ ಗೇಟಿನ ಮುಂದೆ ಕೂತಿದ್ದು ಬಂದರು. ಸೋಮವಾರ ಹಣಿಗೆ. ಎಮ್ಮೆಕೊಂಬನ್ನು ಕಾಯಿಸಿ, ಬಿಡಿಸಿ, ಗರಗಸದಿಂದ ಹಲ್ಲು ಬಿಡಿಸುವ ಕೆಲಸ. ನೋಡಿ ಮುಗಿದ ಮೇಲೆ ಎರಡು ಹಣಿಗೆ ಕೊಂಡು ಒಂದನ್ನು ನನಗೆ ಕೊಟ್ಟು ಒಂದನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು. ಅವರ ತಲೆ ನೋಡಿ ನಾನು ಏನೂ ಕೇಳಲಿಲ್ಲ. ಮಂಗಳವಾರ ಬಳೆ.

ನಾನು ದಿನಗೂಲಿಯವನು. ಸಾಹೇಬರಿಗೆ "ನಡೀರಿ" ಎನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ. ಕೆಮ್ಮಿದೆ. ಕ್ಯಾಲೆಂಡರಿನ ಎದುರು ನಿಂತು ಸುಮ್ಮನೆ ತಾರೀಖುಗಳನ್ನು ಗಟ್ಟಿಯಾಗಿ ಓದಿದೆ. "ಕಾಗದದ ಕಾರ್ಖಾನಿನೂ ಬಾಳ ಚಂದ ಐತ್ರಿ" ಎಂದು ಗಾಳಿಗೆ ಹೇಳಿದೆ. ಅವರು ಬಳೆಯ ಬಿಸಿ ಗಾಜು ನೂಲಿನ ಹಾಗೆ ಎಳೆದುಬರುವುದನ್ನು ನೋಡುತ್ತಾ "ಹೌದೇನು" ಎನ್ನುತ್ತಿದ್ದರು.

ಬುಧವಾರ ಬೆಳಿಗ್ಗೆ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತೆ.

"ಯಾಕ್ರಿ, ಹಿಂಗ ಕುಂತೀರಿ?"

"ಇನ್ನ ಮೂರ ದಿನ ಉಳದಾವು. ಈ ಮನಷ್ಯಾ ಪೆನ್ನಿನ ಹತ್ರ ಬರಾಕ ತಯಾರಿಲ್ಲ. ಶನಿವಾರದಿಂದ ಮನ್ಯಾಗ ಕುಂತು ನೀ ಬಡದ ರೊಟ್ಟಿ ಎಣಸ್ತೀನಿ."

"ಎಣಸ್ರಿ, ಹಂಗಾದ್ರೂ ಉಪಯೋಗಕ್ಕ ಬಂದೀರಿ," ಅಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ ಮತ್ತೆ ಮಾತು ತೆಗೆದಳು. "ಒಂದು ಮಾತ ಹೇಳ್ಲ್ಯಾ? ಹದಿನಾರ ವರ್ಷಾತು ನಾ ಬಿಸ್ಕೀಟ ಆರಸಾಕತ್ತು. ಊರ ಮಂದಿ ಬರ್ತಾರ, ಕೂಸಿಗೆ ತೋರಸ್ತಾರ, ಹೋಗ್ತಾರ. ಮದ್ದು ಕುಡದಂಗ. ನಿಮ್ಮ ಸಾಹೇಬ್ರು ನನ್ನ ಕೈ ನೋಡಿ 'ಆಹಾ' ಅಂದ್ರು. ಅವತ್ತಿಂದ ನಮ್ಮ ಹೆಣ್ಮಕ್ಕಳೆಲ್ಲಾ ತಲಿ ಬಾಚಿಕೊಂಡು ಬರಾಕತ್ತಾರ. ಆ ಮನಷ್ಯಾ ತಾ ಮಾಡೂ ಕೆಲಸಕ್ಕ ಯಾರರ 'ಆಹಾ' ಅಂದಾರೇನು, ಕೇಳ್ರಿ."

"ಅಂವ ಮಾಡೂದು ಏನೈತಿ? ಆರ್ಡರ್ ಬರೀತಾನ."

"ಅದನ್ನ ಯಾರರ ನೋಡ್ಯಾರೇನು?"

ನಾನು ರೊಟ್ಟಿ ತಿನ್ನದೆ ಎದ್ದೆ.

ಸಾಹೇಬರು ಬಳೆ ಕಾರ್ಖಾನೆಯ ಕಡೆಗೇ ಹೊರಟಿದ್ದರು. ದಾರಿಯಲ್ಲಿ ಅಡ್ಡ ನಿಂತು, ಬೂಟು ನೋಡುತ್ತಾ ಹೇಳಿದೆ: "ಸಾಹೇಬ್ರ, ಈ ಊರಾಗಿನ ಮಂದಿ ಎಲ್ಲಾ ನೋಡ್ಯಾರ್ರಿ. ಗುಂಡಿ, ಪಿನ್ನು, ಬಿಸ್ಕೀಟ. ಒಂದ ನೋಡಿಲ್ರಿ. ಆರ್ಡರ್ ಆಗೂದು. ನಮ್ಮ ಅಪ್ಪ ನೋಡಿಲ್ಲ, ಅಜ್ಜ ನೋಡಿಲ್ಲ. ಅದು ಹ್ಯಾಂಗ ಆಗತೈತಿ ಅಂತ ನಮಗ ಯಾರೂ ತೋರಿಸಿಲ್ರಿ."

ಸಾಹೇಬರು ನಿಂತರು. ಜೇಬಿನಿಂದ ಹಣಿಗೆ ತೆಗೆದು, ಇಲ್ಲದ ಕೂದಲ ಮೇಲೆ ಎರಡು ಸಲ ಆಡಿಸಿದರು.

"ಮೂವತ್ತು ವರ್ಷ ಬರೆದಿದೀನಿ ಕಣೋ ಫಕೀರಪ್ಪ," ಅಂದರು. "ಒಬ್ಬನಾದ್ರೂ ನಿಂತು ನೋಡಿಲ್ಲ. ನನ್ನ ಹೆಂಡ್ತಿ ಕೂಡ, ನೀವು ಆಫೀಸಲ್ಲಿ ಏನು ಮಾಡ್ತೀರಿ ಅಂತ ಒಂದಿನ ಕೇಳಿಲ್ಲ." ಆಮೇಲೆ ಹಣಿಗೆಯನ್ನು ಜೇಬಿಗೆ ಸಿಕ್ಕಿಸಿ, "ಕಾಗದದ ಕಾರ್ಖಾನೆ ಎಲ್ಲಿದೆ?" ಎಂದು ಕೇಳಿದರು.

ಓಡುತ್ತಲೇ ಹೋದೆವು. ಹಳೆಯ ಬಟ್ಟೆ ಕುಟ್ಟಿ ಗಂಜಿ ಮಾಡಿದ್ದರು. ಜರಡಿ ಮುಳುಗಿಸಿ ಎತ್ತಿದರೆ ನೀರೆಲ್ಲ ಇಳಿದು ಹಾಳೆ ನಿಲ್ಲುತ್ತಿತ್ತು. ಸಾಹೇಬರು ಜರಡಿಗೆ ಮೂಗು ತಾಗಿಸಿ ನೋಡಿದರು, ಆದರೆ ಒಂದೇ ಸಲ. ಎರಡನೆಯ ಸಲ ಎಂದು ಬೆರಳೆತ್ತಿದವರು ತಾವೇ ಬೆರಳು ಮಡಚಿಕೊಂಡರು. ಗುರುವಾರ ಬೆಳಿಗ್ಗೆ ಪೆನ್ನು, ಮಧ್ಯಾಹ್ನ ಶಾಯಿ, ಸಂಜೆ ಶಿಕ್ಕಾ. ರಬ್ಬರಿನ ಮೇಲೆ ಅಕ್ಷರ ತಿರುವುಮುರುವಾಗಿ ಕೆತ್ತುವುದನ್ನು ಕಂಡು ಅವರ ಕಾಲು ನೆಲಕ್ಕೆ ಅಂಟಿತು. ನಾನು ಅವರ ಬೂಟು ಬಿಚ್ಚಿ ಎತ್ತಿಕೊಂಡು ಮುಂದೆ ನಡೆದೆ. ಬೂಟಿನ ಹಿಂದೆ ಅವರು ಬಂದರು.

ಶುಕ್ರವಾರ ಬೆಳಿಗ್ಗೆ ಕಚೇರಿಯ ಮುಂದೆ ಊರೇ ನೆರೆದಿತ್ತು. ಬಿಸ್ಕೀಟಿನ ಹೆಣ್ಣುಮಕ್ಕಳು ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು. ಅವರ ನಡುವೆ ಕಾಶವ್ವ. ಪಿನ್ನಿನವರು, ಬಳೆಯವರು, ಕಂಕುಳಲ್ಲಿ ಕೂಸು ಹೊತ್ತವರು. ಬಸಲಿಂಗಪ್ಪ ಹಗ್ಗ ಕಟ್ಟಿ ಮಂದಿಯನ್ನು ತಡೆದಿದ್ದರು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲ ಗುಂಡಿ ಹಾಕಿಕೊಂಡು, ಹಗ್ಗದ ಈಚೆ ಬಂದು ನಿಂತರು.

"ಬನ್ನಿ, ಬನ್ನಿ. ಕೂಸುಗಳನ್ನ ಮುಂದಕ್ಕೆ ಬಿಡಿ. ಇದು ಆರ್ಡರು ತಯಾರಾಗೋ ಜಾಗ. ಮೊದಲು ಅರ್ಜಿ. ಇದು ಕಚ್ಚಾ ಮಾಲು. ಯಾವ ಆರ್ಡರೂ ಸುಮ್ಮನೆ ಹುಟ್ಟಲ್ಲ."

ನನ್ನ ಅರ್ಜಿಯನ್ನು ಎತ್ತಿ ಹಿಡಿದರು. "ಓಹೋ" ಅಂದಿತು ಮಂದಿ.

ಬಸಲಿಂಗಪ್ಪ ಅರ್ಜಿಯ ಪಕ್ಕದಲ್ಲಿ ಷರಾ ಬರೆದರು. ಅದನ್ನು ರಟ್ಟಿನ ನಡುವೆ ಇಟ್ಟು ಕೆಂಪು ಲಾಡಿ ಬಿಗಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಬಾಗಿಲಿಂದ ಹೊರಗೆ ಹೋಗಿ, ಕಟ್ಟಡ ಸುತ್ತಿ, ಹಿಂದಿನ ಬಾಗಿಲಿಂದ ಒಳಗೆ ಬಂದು ಅದೇ ಮೇಜಿನ ಮೇಲೆ ಇಟ್ಟರು.

"ದಾರಿ ಬಿಡಿ, ಫೈಲು ಚಲಿಸ್ತಾ ಇದೆ!" ಎಂದು ಸಾಹೇಬರು ಕೂಗಿದರು.

"ಯಾಕ್ರಿ ಸಾಹೇಬ್ರ, ಮೇಜ ಒಂದ ಐತಲ್ಲ? ಅಲ್ಲೇ ಇಟ್ಟಿದ್ರ ಏನಾಕ್ಕಿತ್ತು?" ಎಂದು ಕಾಶವ್ವ ಕೇಳಿದಳು.

"ಒಳ್ಳೇ ಪ್ರಶ್ನೆ ತಾಯಿ. ಸುತ್ತಿ ಬಂದ್ರೆ ಅದು ಫೈಲು. ಅಲ್ಲೇ ಇದ್ರೆ ಬರೀ ಕಾಗದ."

ಮಂದಿಗೆ ಇದು ಬಹಳ ಹಿಡಿಸಿತು. ಇನ್ನೊಂದು ಸಲ ಸುತ್ತಿಸಿರಿ ಎಂದು ಕೂಗಿದರು. ಬಸಲಿಂಗಪ್ಪ ಮತ್ತೆ ಸುತ್ತಿದರು. ಮೂರನೆಯ ಸಲ ಸುತ್ತುವಾಗ ಅವರ ಹಿಂದೆ ಹನ್ನೆರಡು ಮಂದಿ ಮಕ್ಕಳು ಮೆರವಣಿಗೆ ಹೊರಟಿದ್ದರು. ಊಟದ ಹೊತ್ತಾಯಿತು. ಊಟದ ನಂತರ ಕರಡು. ಸಾಹೇಬರು ಎಡಕ್ಕೆ ವಾಲಿ ಕೂತು ಒಂದು ಸಾಲು ಬರೆದು ಓದಿ ಹೇಳಿದರು, ಅದನ್ನು ಹೊಡೆದುಹಾಕಿದರು, ಯಾಕೆ ಹೊಡೆದುಹಾಕಿದೆ ಎಂದು ವಿವರಿಸಿದರು, ಮತ್ತೆ ಅದೇ ಸಾಲು ಬರೆದರು. "ಮೇಲ್ಕಂಡ" ಎಲ್ಲಿ ಹಾಕಬೇಕು, "ತತ್ಸಂಬಂಧವಾಗಿ" ಎಲ್ಲಿ ಹಾಕಬೇಕು, ಎಲ್ಲ ತೋರಿಸಿದರು. ಪಿನ್ನಿನ ಕಾರ್ಖಾನೆಯವನೊಬ್ಬ "ಅಬ್ಬಾ, ನಮ್ಮ ಮಶೀನೂ ಇಷ್ಟು ಸುತ್ತಿಸಂಗಿಲ್ಲ" ಎಂದು ತಲೆದೂಗಿದ. ಸಾಹೇಬರ ಮುಖ ಡ್ರಮ್ಮಿನಿಂದ ಹೊರಬಂದ ಗುಂಡಿಯ ಹಾಗೆ ಹೊಳೆಯುತ್ತಿತ್ತು. ನಾನು ಗಡಿಯಾರ ನೋಡಿದೆ. ನಾಲ್ಕೂಕಾಲು ಗಂಟೆ. ಅವರು ಇನ್ನೊಂದು ಸಾಲು ಹೊಡೆದುಹಾಕಿದರು.

ಚೊಕ್ಕ ಪ್ರತಿ ಮುಗಿದಾಗ ಐದಕ್ಕೆ ಎಂಟು ನಿಮಿಷ ಇತ್ತು. ನಂಬರು ಬಿತ್ತು, ತಾರೀಖು ಬಿತ್ತು. ಸಾಹೇಬರು ಪೆನ್ನನ್ನು ಶಾಯಿಯಲ್ಲಿ ಅದ್ದಿ ಮೇಲೆತ್ತಿದರು. ಮಂದಿಯೆಲ್ಲ ಹಗ್ಗದ ಮೇಲೆ ಬಾಗಿದರು. ಒಂದು ಕೂಸು ಕೂಡ ಅಳಲಿಲ್ಲ.

"ಇದು ಸಹಿ," ಅಂದರು ಅವರು. "ಇದೇ ಕೊನೇದು. ಫಕೀರಪ್ಪ, ಮುಂದೆ ಬಾ. ನಿಂದೇ ಆರ್ಡರು. ಚೆನ್ನಾಗಿ ನೋಡಪ್ಪಾ."

ನಾನು ಮುಂದೆ ಹೋದೆ. ಹಾಳೆಯ ಮೇಲೆ ನನ್ನ ಹೆಸರು ಇತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೆಸರಿನ ಅಕ್ಷರಗಳು ಮೂಲೆಗೆ ಓಡದೆ, ಸಾಲಿನಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಅಷ್ಟೇ ನೋಡಿದ್ದು. ಕಣ್ಣು ತುಂಬಿಕೊಂಡಿತು.

"ಏನ್ರೀ! ಕಣ್ಣ ಬಿಡ್ರೀ!" ಎಂದು ಕಾಶವ್ವ ಹಗ್ಗದಾಚೆಯಿಂದ ಕಿರುಚಿದಳು. "ಅಳೂದು ಆಮ್ಯಾಲ ಅಳ್ರಿ! ಸಹಿ ನೋಡ್ರೀ!"

ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಸಹಿ ಆಗಿಹೋಗಿತ್ತು. ಶಿಕ್ಕಾ ಬಿದ್ದ ಸದ್ದು ಕೇಳಿತು. ಮಂದಿ ಎಷ್ಟು ಜೋರಾಗಿ "ಆಹಾ" ಅಂದಿತೆಂದರೆ ಸಾಹೇಬರು ಬಲಕ್ಕೆ ವಾಲಿಬಿಟ್ಟರು. ನಾಲ್ಕನೇ ಕಾಲು ಜಾರಿ, ಅವರು ನೆಲಕ್ಕೆ ಬಿದ್ದು, ಬಿದ್ದಲ್ಲೇ ಕೂತು ನಕ್ಕರು.

ಆರ್ಡರನ್ನು ನನ್ನ ಕೈಗೆ ಕೊಟ್ಟರು. ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು. ಸಹಿ ಮಾತ್ರ ಮೆಲ್ಲಗೆ ಎದ್ದು, ಹಾಳೆಯ ಮೂಲೆಗೆ ತೆವಳಿ, ಹುಳದ ಹಾಗೆ ಸುರುಳಿ ಸುತ್ತಿ ಕೂತಿತು. ಬಸಲಿಂಗಪ್ಪ ಹಣೆ ಹಣೆ ಬಡಿದುಕೊಂಡರು. ಕಾಶವ್ವ ಹಗ್ಗದ ಕೆಳಗೆ ನುಸುಳಿ ಬಂದು ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅವಳ ಕೈಗೆ ಹೋದದ್ದೇ ತಡ, ಸಹಿ ಮೈಬಿಚ್ಚಿ, ಓಡಿಬಂದು, ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತು. ಅವಳು ಸಂಜೆ ಮನೆಯ ಟ್ರಂಕಿನಿಂದ ಹಳೆಯ ಎರಡು ಆರ್ಡರುಗಳನ್ನೂ ತೆಗೆದು ನೋಡಿದಳು. ಅವೂ ಮೂಲೆ ಬಿಟ್ಟು ಸಾಲಿಗೆ ಬಂದವಂತೆ. ಹಾಗಾಗಿ ನಾನು ಈಗ ಮೂರು ಸಲ ಕಾಯಂ, ಮೂರೂ ಸಲ ಅವಳ ಕೈಯಲ್ಲಿ.

ಪದ್ಮನಾಭಯ್ಯನವರು ಊರು ಬಿಟ್ಟು ಹೋಗಲಿಲ್ಲ. ಪ್ರತಿ ಶುಕ್ರವಾರ ಆರ್ಡರು ಮಾಡಿ ತೋರಿಸುತ್ತಾರೆ. ಅಕ್ಕಪಕ್ಕದ ಊರುಗಳಿಂದಲೂ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನಾನೂ ಪ್ರತಿ ಶುಕ್ರವಾರ ಮುಂದಿನ ಸಾಲಿನಲ್ಲಿ ನಿಂತು, ಈ ಸಲ ಸಹಿ ನೋಡಿಯೇ ತೀರುತ್ತೇನೆ ಎಂದು ಕಣ್ಣು ಅಗಲಿಸಿಕೊಂಡಿರುತ್ತೇನೆ. ಅವರು ಪೆನ್ನು ಎತ್ತಿದರೆ ಸಾಕು, ಹಾಳು ಕಣ್ಣು ತುಂಬಿಬಿಡುತ್ತದೆ. ಪ್ರತಿ ತಿಂಗಳು ಒಂದನೇ ತಾರೀಖು, ನನ್ನ ಸಂಬಳ ಆಗಲೆಂದು, ಕಾಶವ್ವ ಬಿಸ್ಕೀಟಿನ ಕೈ ತೊಳೆದುಕೊಂಡು ಕಚೇರಿಗೆ ಬಂದು, ಆರ್ಡರನ್ನು ಎರಡು ಬೆರಳಲ್ಲಿ ಹಿಡಿದು ಬಸಲಿಂಗಪ್ಪನವರಿಗೆ ತೋರಿಸಿ ಹೋಗುತ್ತಾಳೆ.

ಮನೆಯಲ್ಲಿ ನಾನು ಸ್ವಲ್ಪ ದನಿ ಏರಿಸಿದರೆ ಅವಳು ಜಗಳಕ್ಕೆ ನಿಲ್ಲುವುದಿಲ್ಲ. ರೊಟ್ಟಿ ಬಡಿಯುತ್ತಲೇ ಟ್ರಂಕಿನ ಕಡೆ ನೋಡಿ, "ಕೊಡ್ಲ್ಯಾ ನಿಮ್ಮ ಕೈಯಾಗ ಆರ್ಡರ?" ಎನ್ನುತ್ತಾಳೆ. ನಾನು ಸುಮ್ಮನೆ ಕೂತು ರೊಟ್ಟಿ ಎಣಿಸುತ್ತೇನೆ.